ಫ್ರಿಜ್ಜಿನಲ್ಲಿಟ್ಟ ಹಾರಗಳು

ಸಂಶೋಧನಾ ಸಂಸ್ಥೆಯ ಮ್ಯಾನೇಜರ್ ಕೈಗಿತ್ತ ಹಾರವನ್ನು ಸತ್ತ ಅಕ್ಕನ ಎದೆಯ ಮೇಲಿಡಲು ಬಗ್ಗಿದ ತಂಗಿ ಹಾಗೇ ನಿಂತುಬಿಟ್ಟಳು. ಹಾರ ಕೈ ಕೊರೆಯುವಷ್ಟು ತಣ್ಣಗಿತ್ತು. ಹೊರಗೆ ನೆತ್ತಿ ಸುಡುವ ಬಿಸಿಲು.

“ಇದೇನು, ಇಷ್ಟು ತಣ್ಣಗಿದೆ?”

“ನಿನ್ನೆ ಬೆಳಿಗ್ಗೇನೇ ಬಂದಿದ್ವು. ಬಾಡಬಾರದು ಅಂತ ಮೇಡಂ ಅವರ ಫ್ರಿಜ್ಜಲ್ಲೇ ಇಡಿಸಿದೆ,” ಎಂದರು ಮ್ಯಾನೇಜರ್. ಭೇಷ್ ಅನ್ನಿಸಿಕೊಳ್ಳಲು ಕಾದಿದ್ದ ಮುಖ.

“ಅದರೊಳಗಿದ್ದ ಸೀಸೆಗಳು?”

“ಒಂದೂ ಒಡೆದಿಲ್ಲಮ್ಮ. ಜೋಪಾನವಾಗಿ ಕಿಟಕಿ ಹತ್ರ ಜೋಡಿಸಿದೀನಿ.”

ತಂಗಿ ತಿರುಗಿ ನೋಡಿದಳು. ಪ್ರಯೋಗಾಲಯದ ಬಾಗಿಲು ತೆರೆದೇ ಇತ್ತು. ಕಿಟಕಿಕಟ್ಟೆಯ ಮೇಲೆ ಹೆಬ್ಬೆರಳ ಗಾತ್ರದ ಸೀಸೆಗಳು ಬಿಸಿಲಿಗೆ ಮೈಯೊಡ್ಡಿ ಕೂತಿದ್ದವು. ಅಕ್ಕ ಹೃದಯ ನಿಂತು ಹೋದಳೆಂದು ಫೋನ್ ಬಂದಾಗಲೂ ಬಾರದಿದ್ದ ಅಳು ಈಗ ಬಂತು. ಆದರೂ ಹಾರ ಇಟ್ಟಳು. ಇಡದೆ ಏನು ಮಾಡುತ್ತಾಳೆ, ಹಿಂದೆ ಜನ ಸಾಲು ನಿಂತಿದ್ದರು.

*

ಆ ಫ್ರಿಜ್ಜಿನ ಗತ್ತು ತಂಗಿಗೆ ಗೊತ್ತಿತ್ತು. ಒಮ್ಮೆ ಅಕ್ಕನಿಗೆ ಊಟ ತಂದವಳು ಹಾಲಿನ ಪ್ಯಾಕೆಟ್ಟನ್ನು ಅದರೊಳಗಿಡಲು ಹೋಗಿ ಸರಿಯಾಗಿ ಮಂಗಳಾರತಿ ಮಾಡಿಸಿಕೊಂಡಿದ್ದಳು.

“ಒಂದು ದಿನ ತಂಪು ತಪ್ಪಿದ್ರೆ ಎಲ್ಲಾ ಹಾಳು ಕಣೇ. ಬೇಕಾದ್ರೆ ನನ್ನನ್ನ ಆಚೆ ಹಾಕು, ಅವನ್ನ ಮಾತ್ರ ಹಾಕಬೇಡ.”

ಸೀಸೆಗಳಲ್ಲಿದ್ದದ್ದು ಕೆರೆಯಂಚಿನ ಹೆಂಗಸರು ತಮ್ಮ ಗರ್ಭಕೋಶದ ಬಾಯಿಯಿಂದ ತಾವೇ ತೆಗೆದುಕೊಟ್ಟ ಮಾದರಿ. ಆ ಕೆರೆಯ ಬಸವನಹುಳುಗಳಿಂದ ಹೊರಬೀಳುವ, ಕಣ್ಣಿಗೆ ಕಾಣದ ಹುಳವೊಂದು ಬಟ್ಟೆ ಒಗೆಯಲು ನೀರಿಗಿಳಿದವರ ಚರ್ಮ ಕೊರೆದು ಮೈಸೇರುತ್ತಿತ್ತು. ಅದರ ಮೊಟ್ಟೆಗಳು ಒಳಗೆ ಹುಣ್ಣು ಮಾಡಿ ರಕ್ತ ಹೋಗುತ್ತಿತ್ತು. ವೈದ್ಯರು ಕೆಲವರಿಗೆ ಕ್ಯಾನ್ಸರ್ ಎಂದರು, ಕೆಲವರಿಗೆ ನಡತೆ ಸರಿಯಿಲ್ಲ ಎಂದರು. ಹುಳವಾದರೆ ಮಾತ್ರೆ ಇದೆ. ಕ್ಯಾನ್ಸರಿನ ಮೊದಲ ಸುಳಿವಾದರೆ ಈಗಲೇ ಚಿವುಟಿ ಹಾಕಬಹುದು. ಯಾವುದು ಎಂದು ಹೇಳಬೇಕಾದದ್ದು ಆ ಸೀಸೆಗಳೇ.

ಸಂಸ್ಥೆಯಲ್ಲಿ ಅಕ್ಕನಿಗೆ ‘ಹುಳದಮ್ಮ’ ಎಂದು ಹೆಸರಿಟ್ಟು ನಗುತ್ತಿದ್ದರು, ಕೈಜೋಡಿಸುವವರು ಮಾತ್ರ ಒಬ್ಬರೂ ಇರಲಿಲ್ಲ. ಮೊದಮೊದಲು ಕೆರೆಯವರೂ ಮುಖ ಕೊಡಲಿಲ್ಲ. ಅಕ್ಕ ಅವರ ಮನೆ ಜಗಲಿಗಳಲ್ಲಿ ಕೂತು ಒಣಗಿದ ಬಟ್ಟೆ ಮಡಿಸಿಕೊಟ್ಟಳು, ಅತ್ತೆಯರ ಮೇಲಿನ ಚಾಡಿಯನ್ನೆಲ್ಲ ಕೇಳಿಸಿಕೊಂಡಳು. ಕೊನೆಗೆ, ನಡತೆ ಸರಿಯಿಲ್ಲವೆಂದು ಗಂಡ ತವರಿಗೆ ಅಟ್ಟಿದ್ದ, ಬಟ್ಟೆ ಒಗೆಯುವವಳೊಬ್ಬಳು ಎದ್ದಳು.

“ನಿಮ್ಮ ಮುಖ ನೋಡಿ ಕೊಡ್ತೀನಿ,” ಎಂದು ಪರದೆಯ ಹಿಂದೆ ಹೋದಳು. ಅವಳನ್ನು ನೋಡಿ ಉಳಿದವರೂ ಹೋದರು.

*

“ಮೇಡಂ ಅವರು ಕೂಡಿಟ್ಟ ಒಂದೊಂದು ಮಾದರಿಯೂ ನಮಗೆ ಆಸ್ತಿ,” ಎನ್ನುತ್ತಿದ್ದರು ಹೆಣದ ಪಕ್ಕ ಭಾಷಣಕ್ಕೆ ನಿಂತ ಸಂಸ್ಥೆಯ ನಿರ್ದೇಶಕರು. ಹುಳದಮ್ಮ ಎಂದು ಮೊದಲು ಕರೆದ ಬಾಯಿ ಅದೇ. ತಂಗಿಗೆ ಮೈಯೆಲ್ಲ ಉರಿಯಿತು.

“ಹೂವು ನೋಡೇ, ಈಗ ಕಿತ್ತ ಹಾಗಿದೆ. ಚೆನ್ನಾಗಿ ನಡೆಸಿಕೊಟ್ರು ಪಾಪ,” ಎಂದಳು ಪಕ್ಕದಲ್ಲಿದ್ದ ಸೋದರತ್ತೆ.

“ಹೌದತ್ತೆ. ಬದುಕಿದ್ದಾಗ ನೀರು ಕೊಡದವರು ಸತ್ತಮೇಲೆ ಐಸ್ ಹಾಕಿದಾರೆ.”

ಕೆರೆಯ ಹೆಂಗಸರು ಕೊನೆಯ ಸಾಲಿನಲ್ಲಿ ನಿಂತಿದ್ದರು. ಭಾಷಣ ಮುಗಿದ ಮೇಲೆ ಬಟ್ಟೆ ಒಗೆಯುವವಳು ಹತ್ತಿರ ಬಂದಳು.

“ನೀವು ಅವರ ತಂಗಿ ಅಲ್ವಾ? ಅದೇ ಮೂಗು. ಇಂಥಾ ಹೊತ್ತಲ್ಲಿ ಕೇಳಬಾರದು... ನನ್ನದು ಹುಳಾನೋ, ಆ ದೊಡ್ಡ ಕಾಯಿಲೇನೋ? ಈ ವಾರ ಹೇಳ್ತೀನಿ ಅಂದಿದ್ರು.”

ಸುಳ್ಳು ತಂಗಿಯ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

“ಕೆಟ್ಟುಹೋಯ್ತು ಕಣಮ್ಮ. ಎಲ್ಲರದೂ. ತಂಪು ತಪ್ಪಿಸಿಬಿಟ್ರು. ಇನ್ನೊಂದು ಸಲ ಕೊಡಬೇಕು.”

“ಯಾರಿಗೆ?”

ಕೇಳಿದವಳ ಕಣ್ಣು ನಿರ್ದೇಶಕರ ಮೇಲೆ, ಮ್ಯಾನೇಜರ್ ಮೇಲೆ, ಕೊನೆಗೆ ಅಕ್ಕನ ಮೇಲೆ ಹೋಗಿ ನಿಂತಿತು.

“ನಾನು ಅವರಿಗೆ ಅಂತ ಕೊಟ್ಟಿದ್ದಮ್ಮ,” ಎಂದಳು. ತಿರುಗಿ ಹೊರಟಳು. ಮೊದಲು ಪರದೆಯ ಹಿಂದೆ ಹೋದವಳೂ ಅವಳೇ, ಈಗ ಮೊದಲು ಬಾಗಿಲು ದಾಟಿದವಳೂ ಅವಳೇ. ಉಳಿದವರು ಅವಳ ಹಿಂದೆ ಇಳಿದುಹೋದರು.

ಅಕ್ಕನನ್ನು ವಾಹನಕ್ಕೆ ಏರಿಸಿದರು. ಮರೆತ ಚೀಲಕ್ಕೆಂದು ತಂಗಿ ಒಳಗೆ ಬಂದಾಗ ಮ್ಯಾನೇಜರ್ ಉಳಿದ ಹಾರಗಳನ್ನು ಒಂದೊಂದಾಗಿ ಫ್ರಿಜ್ಜಿನಲ್ಲಿಡುತ್ತಿದ್ದರು.

“ನಾಳೆ ಶೋಕಸಭೆ ಇದೆಯಲ್ಲಮ್ಮ,” ಎಂದು ಬಾಗಿಲು ಮುಚ್ಚಿದರು. ತಂಪು ಎಲ್ಲಾದರೂ ಸೋರೀತೆಂದು ಹಿಡಿಕೆಯನ್ನು ಇನ್ನೊಮ್ಮೆ ಒತ್ತಿ ನೋಡಿದರು.