ಕಸ್ತೂರಿಬಾಯಿಯ ಕುದುರೆಕೂದಲು

ಔರಾದದಲ್ಲಿ ಯಾರ ಮೈಮೇಲೆ ನರೂಲಿ ಎದ್ದರೂ ದವಾಖಾನೆಗಿಂತ ಮೊದಲು ಕಸ್ತೂರಿಬಾಯಿಯ ಮನೆಗೆ ಬರುತ್ತಿದ್ದರು. ಭಾಲ್ಕಿಯಲ್ಲಿ ಮದುವೆಗೆ ಕುದುರೆ ಬಾಡಿಗೆಗೆ ಕೊಡುವ ಕರೀಮ ಸಾಬನಿಂದ ತರಿಸಿದ ಬಾಲದ ಕೂದಲನ್ನು ಆಕೆ ನರೂಲಿಯ ಬುಡಕ್ಕೆ ಬಿಗಿದು ಗಂಟು ಹಾಕುತ್ತಿದ್ದಳು. ಎಂಟು ದಿನಕ್ಕೆ ಅದು ಒಣಗಿ ಉದುರುತ್ತಿತ್ತು. ನರೂಲಿ ಉದುರದವರು ಸುಮ್ಮನಿರುತ್ತಿದ್ದರು; ಕಸ್ತೂರಿಬಾಯಿಯ ಬಾಯಿಗೆ ಬೀಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಂಥವಳ ಮೊಮ್ಮಗನೇ ಹುಬ್ಬುಗಳ ನಡುವೆ, ಮೂಗಿನ ಬುಡದಲ್ಲಿ, ತೊಗರಿಕಾಳಿನಷ್ಟು ಗಂಟು ಹೊತ್ತು ಹುಟ್ಟಿದ. ಕೂಡಲೇ ಸೊಸೆ ಈಶ್ವರಿಯ ವಿಚಾರಣೆ ಶುರುವಾಯಿತು. ಗ್ರಹಣದ ದಿನ ಬದನೆಕಾಯಿ ಕೊಯ್ದೆಯಾ, ಸೂಜಿ ಹಿಡಿದೆಯಾ, ಹೊರಗೆ ಇಣುಕಿದೆಯಾ? ಚಂದ್ರ ಅದೇ ರಾತ್ರಿ ಬಿಡುಗಡೆಯಾಗಿದ್ದ, ಈಶ್ವರಿ ಮಾತ್ರ ಆಗಲಿಲ್ಲ.

ನಾಲ್ಕು ತಿಂಗಳಿಗೆ ಗಂಟು ಬಟಾಣಿಯಷ್ಟಾಯಿತು. ಕೂಸು ಅತ್ತಾಗ ಅದು ಉಬ್ಬುವುದನ್ನು ಕಂಡವಳು ಈಶ್ವರಿ ಒಬ್ಬಳೇ. ಮರುದಿನವೇ ಬೀದರಿಗೆ ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸಿದಳು.

“ಇದು ನರೂಲಿ ಅಲ್ಲರಿ,” ಎಂದರು ಅವರು. “ತಲಿಬುರುಡಿಯಾಗ ಹುಟ್ಟೋಕಿಂತ ಮೊದಲು ಮುಚ್ಚಬೇಕಾದ ದಾರಿ ಮುಚ್ಚಿಲ್ಲ. ಮೆದುಳಿನ ಪೊರಿ ಇದರೊಳಗ ಬಂದಿರಬಹುದು. ಅಮಾಸಿ ದಿನ ಸ್ಕ್ಯಾನ್ ಮಾಡೋಣ, ಆಮ್ಯಾಲ ಆಪರೇಶನ್. ಅಲ್ಲೀತನಕ ಕಟ್ಟೋದು, ಕೊಯ್ಯೋದು ಏನೂ ಮಾಡಬ್ಯಾಡ್ರಿ. ಕೂಸಿನ ಜೀವಕ್ಕ ಅಪಾಯ ಅದ.”

ಮನೆಯಲ್ಲಿ ಇದನ್ನು ಕೇಳಿ ಕಸ್ತೂರಿಬಾಯಿ ಎಡಗಿವಿಯ ಮೇಲೆ ಸೆರಗು ಎಳೆದುಕೊಂಡು ನಕ್ಕಳು. ಆ ಸೆರಗು ಬೇಸಿಗೆಯಲ್ಲೂ ಅಲ್ಲಿಂದ ಜಾರುತ್ತಿರಲಿಲ್ಲ. “ಮೂಗಿನ ಮ್ಯಾಲ ಮೆದುಳ ಇರ್ತದಂತ. ಅಮಾಸಿಗೇ ಕಟ್ಟತೀನಿ. ಕೂದಲ ತರಿಸೇನಿ.”

ಈಶ್ವರಿ ಗಂಡನ ಮುಖ ನೋಡಿದಳು. ಬೀಜದ ಅಂಗಡಿಯ ಸಿದ್ದೇಶ್ವರ ಗಿರಾಕಿಗಳನ್ನು ಒಪ್ಪಿಸುವ ಧಾಟಿಯಲ್ಲೇ, “ಇಬ್ಬರದೂ ಖರೇನೇ ಅದ,” ಎಂದ. ಅತ್ತ ದರಿ, ಇತ್ತ ಪುಲಿ. ನಡುವೆ ಇಂಥ ಗಂಡ. ಅವಳಿಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು.

ಅಮಾವಾಸ್ಯೆಯ ಮುಂಜಾನೆ ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಸೇರಿದರು. ಪಕ್ಕದ ಮನೆಯ ಅಕ್ತರಬೀ ಕೂಡ ಬಂದಿದ್ದಳು. ಕಸ್ತೂರಿಬಾಯಿ ಕೂದಲಿಗೆ ಅರಿಶಿನ ಸವರಿ, “ತಾ ಕೂಸಿನ್ನ,” ಎಂದು ಕೈ ಚಾಚಿದಳು.

ಈಶ್ವರಿ ಕೂಸನ್ನು ಎದೆಗವಚಿಕೊಂಡೇ ಅತ್ತೆಯ ಮುಂದೆ ಕುಳಿತಳು. ವಾರವಾರ ಅತ್ತೆಯ ತಲೆಗೆ ಎಣ್ಣೆ ಹಚ್ಚುವವಳು ಅವಳೇ ತಾನೆ.

“ಕೊಡತೀನ್ರಿ ಅತ್ತಿ. ಮೊದಲ ನಿಮ್ಮ ಎಡಗಿವಿ ಹಿಂದಿನದಕ್ಕ ಕಟ್ಟಕೋರಿ. ಆ ನರೂಲಿ ನಾ ಈ ಮನಿಗಿ ಬಂದಾಗಿಂದ ನೋಡ್ಲಿಕತ್ತೀನಿ.”

ಅಕ್ತರಬೀ ಬಗ್ಗಿ ಸೆರಗಿನತ್ತ ನೋಡಿದಳು. ಊರ ನರೂಲಿ ಉದುರಿಸಿದವಳ ಕೈ ತಂತಾನೇ ಕಿವಿಗೆ ಹೋಯಿತು.

“ಒಮ್ಮೆ ಕಟ್ಟಕೊಂಡಿದ್ದೆ,” ಎಂದಳು ಕಸ್ತೂರಿಬಾಯಿ, ಎಂದೂ ಕೇಳದ ಸಣ್ಣ ದನಿಯಲ್ಲಿ. “ಭಾಳ ಬ್ಯಾನಿ ಆಗ್ತದ. ಬಿಚ್ಚಿ ಒಗದೆ.”

“ಕೂಸಿಗೂ ಆಗ್ತದರಿ,” ಎಂದು ಈಶ್ವರಿ ಎದ್ದು ಬೀದರ ಬಸ್ಸಿಗೆ ಹೊರಟಳು. ಈ ಸಲ ಸಿದ್ದೇಶ್ವರ ಯಾರದು ಖರೆ ಎಂದು ಹೇಳಲಿಲ್ಲ. ಚೀಲ ಎತ್ತಿಕೊಂಡು ಅವಳ ಹಿಂದೆ ನಡೆದ.