ನಾನು ಬರೆದ ನೂರಾ ಇಪ್ಪತ್ತು

ಮೂವತ್ತು ವರ್ಷದ ನೌಕರಿಯಲ್ಲಿ ನಾನು ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ. ಮುಂಡರಗಿ ಕಡೆಯ ನಮ್ಮ ಸಣ್ಣ ಊರಿನಲ್ಲಿ ಸುಮಿತ್ರಾ ಸಿಸ್ಟರ್ ಬಂದರೆಂದರೆ ಬಸುರಿಯರ ಅತ್ತೆಯಂದಿರೂ ಎದ್ದು ನಿಲ್ಲುತ್ತಿದ್ದರು. ಗುಳಿಗೆ ನುಂಗದವರಿಗೆ ಓಣಿಯ ನಡುವೆಯೇ ಬೈಯುತ್ತಿದ್ದೆ. ಅಂಥ ನಾನು ಎಂಟು ತಿಂಗಳು ಸುಳ್ಳು ಬರೆದೆ.

ಬಿಪಿ ನೋಡುವುದು ಕಿವಿಯ ಕೆಲಸ. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಸ್ಟೆತಾಸ್ಕೋಪು ಇಟ್ಟು ಮೆಲ್ಲಗೆ ಗಾಳಿ ಬಿಡುತ್ತ ಹೋದರೆ ಟಕ್ ಟಕ್ ಎಂಬ ಸಪ್ಪಳ ಶುರುವಾಗುತ್ತದೆ. ಆಗ ಮೀಟರಿನ ಮುಳ್ಳು ತೋರಿಸುವುದು ಮೇಲಿನ ಅಂಕಿ, ಸಪ್ಪಳ ನಿಂತಾಗ ತೋರಿಸುವುದು ಕೆಳಗಿನದು. ನನಗೆ ಆ ಸಪ್ಪಳ ಮೊದಲು ಸಣ್ಣದಾಯಿತು, ಆಮೇಲೆ ಇಲ್ಲವೇ ಇಲ್ಲವಾಯಿತು. ಸ್ಟೆತಾಸ್ಕೋಪು ಕೆಟ್ಟಿದೆ ಎಂದು ಹೊಸದು ತಂದೆ. ಅದೂ ಮೂಕ. ಮನೆಯಲ್ಲಿ ಗಂಡ ಕೊಟ್ರಪ್ಪ, "ಟೀವಿ ಸಪ್ಪಳ ಸಣ್ಣ ಮಾಡ, ಓಣಿ ಮಂದಿಗೆಲ್ಲ ಕೇಳಾಕತ್ತೈತಿ" ಅಂದರೆ ಅವರ ಮೇಲೇ ಹರಿಹಾಯುತ್ತಿದ್ದೆ. ಯಾರಿಗಾದರೂ ಹೇಳಬೇಕಿತ್ತು. ಕಿವುಡಿ ಅನ್ನಿಸಿಕೊಳ್ಳಲು ನಾಚಿ ಸುಳ್ಳುಬುರುಕಿಯಾದೆ. ಹೆಂಗಸರ ಮುಖ ನೋಡಿ, ಆರಾಮಿದ್ದಾರೆ ಅನ್ನಿಸಿದರೆ ತಾಯಿ ಕಾರ್ಡಿನಲ್ಲಿ ನೂರಾ ಇಪ್ಪತ್ತು, ಎಂಬತ್ತು ಎಂದು ಬರೆದುಬಿಡುತ್ತಿದ್ದೆ.

ಎಂಟು ತಿಂಗಳ ಬಸುರಿ ಮೆಹನಾಜ ಅತ್ತೆ ಗುಲಾಬಬಿಯ ಜೊತೆ ಬಂದಳು. "ತಲಿ ಭಾಳ ಸಿಡೀತೈತ್ರಿ ಸಿಸ್ಟರ್" ಅಂದಳು. ಕಾಲು ಬಾತಿದ್ದವು. ಪಟ್ಟಿ ಸುತ್ತಿದೆ, ಏನೂ ಕೇಳಿಸಲಿಲ್ಲ. ಗುಲಾಬಬಿ ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು.

"ಎಲ್ಲಾ ಸರಿ ಐತಿ. ಬಿಸಲಾಗ ತಿರಗಬ್ಯಾಡ" ಅಂದು ಕಾರ್ಡಿನಲ್ಲಿ ಅದೇ ನೂರಾ ಇಪ್ಪತ್ತು ಬರೆದೆ.

ಮೂರನೆಯ ದಿನ ಮೆಹನಾಜಳಿಗೆ ಕಣ್ಣು ಮಂಜಾಯಿತು. ಗದಗಿನ ಆಸ್ಪತ್ರೆಗೆ ಒಯ್ದರು. ಬಿಪಿ ನೂರಾ ಎಪ್ಪತ್ತಕ್ಕೆ ಏರಿತ್ತು. ಹೊಟ್ಟೆ ಕೊಯ್ದು ಮಗು ತೆಗೆದರು. ತಾಯಿ ಉಳಿದಳು, ಅಂಗೈಯಷ್ಟು ಹೆಣ್ಣು ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು.

ನೋಡಲು ಹೋದೆ. ಡಾಕ್ಟರು ಕಾರ್ಡು ಹಿಡಿದು, "ಮೂರ ದಿನದ ಹಿಂದ ನಾರ್ಮಲ್ ಅಂತ ಐತಲ್ಲ, ಯಾರು ನೋಡಿದ್ದು?" ಎಂದು ಕೇಳುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಗುಲಾಬಬಿ ಅಂದಳು: "ನಮ್ಮ ಸಿಸ್ಟರ್ ನೋಡ್ಯಾರ್ರಿ. ಅವರ ಕೈ ತಪ್ಪಂಗಿಲ್ರಿ. ಈಕಿನೇ ಉಪ್ಪಿನಕಾಯಿ ತಿಂದು ಬಿಪಿ ಏರಿಸ್ಕೊಂಡಾಳ."

ಮಂಚದ ಮೇಲಿದ್ದ ಮೆಹನಾಜ ತಪ್ಪು ತನ್ನದೇ ಎಂಬಂತೆ ಆಚೆ ಮುಖ ತಿರುಗಿಸಿದಳು. ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಬರೆದ ಸುಳ್ಳಿಗಿಂತ ಹೊಲಸು.

ಅಲ್ಲಿಂದ ನೇರ ಕಿವಿ ಪರೀಕ್ಷೆ ಮಾಡುವಲ್ಲಿಗೆ ಹೋದೆ. ಅಂಕಿತಾ ಎಂಬ ಹುಡುಗಿ ನನ್ನನ್ನು ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟಳು. "ಸಪ್ಪಳ ಕೇಳಿದ್ರ ಅಷ್ಟ ಒತ್ರಿ ಆಂಟಿ" ಅಂದು ಗಾಜಿನಾಚೆ ಹೋಗಿ ಕುಳಿತಳು. ನನ್ನ ಬುದ್ಧಿ ಅಲ್ಲೂ ಬಿಡಲಿಲ್ಲ. ಅವಳ ಭುಜ ಅಲುಗಿದಾಗಲೆಲ್ಲ ಸಪ್ಪಳ ಹಾಕಿದಳೆಂದುಕೊಂಡು ಒತ್ತಿದೆ. ಸ್ವಲ್ಪ ಹೊತ್ತಿಗೆ ಅವಳು ಎದ್ದು ಬಂದು ಹೆಡ್‌ಫೋನ್ ತೆಗೆದಳು.

"ಆಂಟಿ, ನಾ ಇನ್ನೂ ಸಪ್ಪಳಾನ ಹಾಕಿಲ್ರಿ. ಪೆನ್ನು ಹುಡುಕಾಕತ್ತಿದ್ದೆ."

ಮುಖ ಕಾದ ಹಂಚಾಯಿತು. ಮಗಳ ವಯಸ್ಸಿನ ಆ ಹುಡುಗಿಯ ಮುಂದೆ ಅತ್ತುಬಿಟ್ಟೆ. ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂರಿಸಿ ಮೊದಲಿನಿಂದ ಪರೀಕ್ಷೆ ಮಾಡಿದಳು. ಎರಡೂ ಕಿವಿ ಅರ್ಧಕ್ಕಿಂತ ಹೆಚ್ಚು ಹೋಗಿದ್ದವು. ಹೋದ ಕಿವಿ ಹಿಂದೆ ಬಾರದು, ಮಷೀನು ಹಾಕಿಕೊಂಡರೆ ಮಾತು ಕೇಳುತ್ತದೆ, ಬಿಪಿಗೆ ಮಾತ್ರ ಅಂಕಿ ತಾನೇ ತೋರಿಸುವ ಯಂತ್ರ ಇಟ್ಟುಕೊಳ್ಳಿ ಅಂದಳು.

ನನ್ನ ಮೇಲಿನ ಡಾಕ್ಟರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಎಂಟು ತಿಂಗಳಲ್ಲಿ ನನ್ನ ಕೈಗೆ ತೋಳು ಕೊಟ್ಟವರೆಲ್ಲರ ಬಿಪಿ ಬೇರೆಯವರ ಎದುರು ಮತ್ತೆ ನೋಡಬೇಕೆಂದು ಅವರು ಹೇಳಿದರು. ಕಿವಿಯಲ್ಲಿ ಮಷೀನು, ಚೀಲದಲ್ಲಿ ಯಂತ್ರ, ಜೊತೆಗೆ ಹೊಸ ಸಿಸ್ಟರ್. ಮೊದಲು ಗುಲಾಬಬಿಯ ಮನೆಗೆ ಹೋದೆ. ಮಗು ಮನೆಗೆ ಬಂದಿತ್ತು.

"ಅವತ್ತು ನನಗ ಏನೂ ಕೇಳಿಸಿರಲಿಲ್ರಿ. ಸುಳ್ಳ ಬರದೆ. ಮೆಹನಾಜಂದು ಏನೂ ತಪ್ಪಿಲ್ಲ."

ಮೆಹನಾಜ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಗುಲಾಬಬಿ ಬಳೆ ಮೇಲೆ ಸರಿಸಿ ತೋಳು ಚಾಚಿದಳು. ಅವಳದೂ ತಿಂಗಳಿಗೊಮ್ಮೆ ನಾನೇ ನೋಡುತ್ತಿದ್ದೆ. ಹೊಸ ಸಿಸ್ಟರ್ ಪಟ್ಟಿ ಸುತ್ತಿದಳು, ನಾನು ಯಂತ್ರದ ಮುಖ ಗುಲಾಬಬಿಯ ಕಡೆ ತಿರುಗಿಸಿದೆ. ನೂರಾ ಎಂಬತ್ತೆರಡು.

"ಇದು ಎಂದಿನಿಂದ ಏರೈತ್ರಿ, ಸಿಸ್ಟರ್?"

ತೀರ ಮೆಲ್ಲಗೆ ಕೇಳಿದಳು. ಒಂದೊಂದು ಅಕ್ಷರವೂ ನನಗೆ ಕೇಳಿಸಿತು.

"ಗೊತ್ತಿಲ್ರಿ" ಅಂದೆ.