ನೀಲಿ ಚಾನೆಲ್

ಐದು ವರ್ಷಗಳಲ್ಲಿ ಬಿದ್ದ ಚಪ್ಪಾಳೆಯಲ್ಲಿ ತನ್ನದೆಷ್ಟು, ಸುಜನ್‌ನದೆಷ್ಟು ಎಂಬುದು ಪ್ರಣೀತಾಳಿಗೆ ಗೊತ್ತಿರಲಿಲ್ಲ. ಡೊಂಬಿವಲಿಯ ಈ ಇಬ್ಬರ ಡಿಜೆ ಜೋಡಿಗೆ ‘ಪ್ಲಾಟ್‌ಫಾರ್ಮ್ ದೋನ್’, ಅಂದರೆ ಎರಡನೇ ಪ್ಲಾಟ್‌ಫಾರ್ಮ್, ಎಂದು ಹೆಸರು. ಉಲ್ಹಾಸನಗರದ ಮದುವೆ ಮನೆಗಳಿಂದ ಶುರುಮಾಡಿ ಖಾರಘರದ ಕಾಲೇಜು ಫೆಸ್ಟಿವಲ್‌ಗಳವರೆಗೆ ಬಂದಿದ್ದರು. ಸುಜನ್ ಕೈಯೆತ್ತಿ ಜನರನ್ನು ಕುಣಿಸುವವನು. ಪ್ರಣೀತಾ ತಲೆ ತಗ್ಗಿಸಿ ಒಂದು ಹಾಡಿಗೆ ಇನ್ನೊಂದನ್ನು ಹೆಣೆಯುವವಳು.

“ಅವ ಕುಣಿಸ್ತಾನೆ. ನೀ ಎಂತ ಅಲ್ಲಿ, ವಯರು ಕಾಯುದಾ?” ಎಂದು ಅಮ್ಮ ಚಂಪಾ ಆಗಾಗ ಕೇಳುತ್ತಿದ್ದರು. ಐರೋಲಿಯ ಕಂಪನಿಯೊಂದು ಕೆಲಸ ಕೊಡಲು ಸಿದ್ಧವಿತ್ತು. ಆದರೆ ಶೋ ಇರುವ ಶನಿವಾರ, ಭಾನುವಾರವೂ ಹೋಗಬೇಕು. ಸೇರಿದರೆ ಜೋಡಿ ಮುರಿದಂತೆಯೇ. ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು.

ಭಾನುವಾರ ಸಂಜೆ ಐದಕ್ಕೆ ಘೋಡಬಂದರ್ ರಸ್ತೆಯ ವಸತಿ ಸೊಸೈಟಿಯೊಂದರ ಕ್ಲಬ್‌ಹೌಸಿನಲ್ಲಿ ಕಾರ್ಯಕ್ರಮ. ಗದ್ದಲ ಕೂಡದೆಂದು ಸೆಕ್ರೆಟರಿ ಜಯೇಶ್ ಸ್ಪೀಕರನ್ನೇ ಇಡಿಸಿರಲಿಲ್ಲ. ಬಂದವರಿಗೆಲ್ಲ ಹೆಡ್‌ಫೋನು. ಅದರ ಗುಂಡಿ ಒಮ್ಮೆ ಒತ್ತಿದರೆ ಕೆಂಪು ದೀಪ, ಸುಜನ್‌ನ ಸಂಗೀತ. ಇನ್ನೊಮ್ಮೆ ಒತ್ತಿದರೆ ನೀಲಿ, ಪ್ರಣೀತಾಳದು. ಯಾರು ಯಾರದನ್ನು ಕೇಳುತ್ತಿದ್ದಾರೆಂದು ಇಡೀ ಹಾಲಿಗೇ ಕಾಣುತ್ತದೆ.

“ಅರೇ, ಟೆನ್ಶನ್ ಎಂತಕ್ಕೆ? ಮಜಾ ಬರ್ತದೆ,” ಎಂದ ಸುಜನ್.

“ನಿಂಗೆ ಬರ್ತದೆ,” ಎಂದಳು. ಐರೋಲಿಗೆ ಏನು ಹೇಳಬೇಕೆಂದು ಇವತ್ತಿನ ದೀಪಗಳೇ ತೀರ್ಮಾನಿಸಲಿ ಎಂದು ಅವಳು ಬೆಳಿಗ್ಗೆಯೇ ನಿಶ್ಚಯಿಸಿಕೊಂಡಿದ್ದಳು.

ಶುರುವಾಯಿತು. ಹಾಲಿನಲ್ಲಿ ಕೇಳಿಸುತ್ತಿದ್ದುದು ಚಪ್ಪಲಿಗಳ ಸರಪರ, ಶ್ರುತಿ ತಪ್ಪಿದ ಗುನುಗು ಅಷ್ಟೇ. ತೊಂಬತ್ತು ತಲೆಗಳಲ್ಲಿ ನೀಲಿ ನಾಲ್ಕು. ಪ್ರಣೀತಾ ಗಡಿಬಿಡಿಯಲ್ಲಿ ವೇಗ ಏರಿಸಿದಳು, ಸುಜನ್ ಹಾಕುವಂಥದ್ದನ್ನೇ ಹಾಕಿದಳು. ನಾಲ್ವರೂ ಒಬ್ಬೊಬ್ಬರಾಗಿ ಕೆಂಪಾದರು. ಅದೇ ಬೇಕಿದ್ದರೆ ಅಸಲಿ ಆ ಕಡೆಯೇ ಇತ್ತಲ್ಲ!

ನೀಲಿ ಒಂದೂ ಇಲ್ಲ. ಅಳು ಬರಬೇಕಿತ್ತು, ವಿಚಿತ್ರವೆಂದರೆ, ಎದೆ ಹಗುರವಾಯಿತು. ಕೇಳುವವರೇ ಇಲ್ಲದ ಮೇಲೆ ನಾಚಿಕೆ ಯಾರೆದುರು? ಎರಡು ವರ್ಷದಿಂದ ಲ್ಯಾಪ್‌ಟಾಪಿನಲ್ಲಿ ಅಡಗಿಸಿಟ್ಟಿದ್ದ, ಸುಜನ್‌ಗೂ ಕೇಳಿಸದ ತನ್ನದೇ ತುಣುಕನ್ನು ತೆರೆದಳು. ಕಲ್ಯಾಣದಲ್ಲಿ ಅಪ್ಪನ ಹೋಟೆಲಿನ ಗ್ರೈಂಡರ್ ಹಿಟ್ಟು ರುಬ್ಬುವ ಸದ್ದನ್ನು ಮೊಬೈಲಿನಲ್ಲಿ ಹಿಡಿದು, ಕಲ್ಲು ತಿರುಗುವ ಲಯಕ್ಕೆ ತಾಳ ಕೂಡಿಸಿ ಮಾಡಿದ್ದು. ಅವಸರವಿಲ್ಲದ, ಹೊಟ್ಟೆ ತುಂಬಿದವರ ನಡಿಗೆಯಂಥದ್ದು.

ಗೋಡೆ ಪಕ್ಕದ ಕುರ್ಚಿಯಲ್ಲಿ, ಮಂಡಿ ಆಪರೇಷನ್ ಆಗಿದ್ದ ಪುಷ್ಪಾವತಿ ಆಂಟಿ ಸುಮ್ಮನೆ ಗುಂಡಿ ಒತ್ತಿ ನೋಡುತ್ತಿದ್ದರು. ನೀಲಿಯಾಯಿತು. ಹಾಗೇ ಉಳಿಯಿತು.

“ಏ ಮಗಾ! ಇದು ಗ್ರೈಂಡರಾ?” ಕಿವಿ ಮುಚ್ಚಿದವರು ಕಿರುಚುವಂತೆಯೇ ಕಿರುಚಿದರು.

ಪ್ರಣೀತಾ ಹೌದೆಂದು ತಲೆಯಾಡಿಸಿದಳು.

“ಅಯ್ಯೋ ದೇವರೇ, ಕೂತಲ್ಲೇ ಕಾಲು ಆಡ್ತಾ ಉಂಟು ನಂದು! ಯಾರು ಮಾಡಿದ್ದಿದು?”

“ನಾನು.”

“ಹಾಂ?”

“ನಾನು!” ಜೀವಮಾನದಲ್ಲಿ ಮೊದಲ ಸಲ ಜನರೆದುರು ಕೂಗಿದಳು. ಒಂದು ಕಿವಿ ತೆರೆದಿಟ್ಟಿದ್ದ ಸುಜನ್ ಬೆಚ್ಚಿ ತಿರುಗಿ ನೋಡಿದ.

ಆಂಟಿ ಪಕ್ಕದವಳ ಕಿವಿಗೇ ಕೈಹಾಕಿ ಗುಂಡಿ ಒತ್ತಿದರು. ಅವಳೂ ನೀಲಿ. ಆಮೇಲೆ ಬೆವರು ಒರೆಸಿಕೊಳ್ಳಲು ಬಂದವರಿಬ್ಬರು. ಏಳು ಗಂಟೆಗೆ ಮುಗಿಸುವಾಗ ನೀಲಿ ಹನ್ನೊಂದು. ಈ ತುಣುಕಿಗೆ ಬಂದವರಲ್ಲಿ ಒಬ್ಬರೂ ಕೆಂಪಿಗೆ ಮರಳಿರಲಿಲ್ಲ.

“ಎರಡು ವರ್ಷ ಇದನ್ನ ಮುಚ್ಚಿಟ್ಟಿದ್ಯಾ? ಪಾಗಲ್!” ತುಣುಕು ಕೇಳಿ, ಅದರ ಕಥೆ ತಿಳಿದ ಸುಜನ್ ವಯರು ಸುತ್ತುತ್ತ ಬೈದ. “ನೆಕ್ಸ್ಟ್ ಶೋ ಇದರಿಂದಲೇ ಶುರು.”

ಸೋಮವಾರ ಐರೋಲಿಗೆ ಫೋನ್ ಮಾಡಿ, ಶೋ ಇರುವುದರಿಂದ ವಾರಾಂತ್ಯ ಬರಲಾಗದು ಎಂದಳು. “ಸಾಟರ್ಡೆ, ಸಂಡೇ ನಹೀ ಆ ಸಕತೀ. ಮೇರಾ ಶೋ ರಹತಾ ಹೈ.”

ಫೋನ್ ಇಟ್ಟೊಡನೆ ಅಮ್ಮ ಅಡುಗೆಮನೆಯಿಂದಲೇ ಕೇಳಿದರು, “ಅಷ್ಟು ಜೋರುಂಟಾ ನಿನ್ನ ಶೋ? ಎಷ್ಟು ಜನ ಕೇಳಿದ್ರು?”

“ತೊಂಬತ್ತು ಜನರಲ್ಲಿ ಹನ್ನೊಂದು.”

“ತೊಂಬತ್ತರಲ್ಲಿ ಹನ್ನೊಂದಾ?”

“ಹೌದಮ್ಮಾ, ಹನ್ನೊಂದು!”

ಹೊರಬಂದು ಮಗಳ ಮುಖ ನೋಡಿದ ಚಂಪಾ, ಅವಳ ತಟ್ಟೆಗೆ ಇನ್ನೊಂದು ನೀರುದೋಸೆ ಹಾಕಿದರು.